ಆಲಿವ್‌ಳನ್ನು ಉಳಿಸಿದ ಊರು

ನೆದರ್ ವಿಂಚ್ ಎಂಬ ನಮ್ಮ ಊರಿಗೆ ನೀವು ಬಂದಿರಲಿಕ್ಕಿಲ್ಲ. ಆದರೆ ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಮೇಲೆ ನೋಡಿರುತ್ತೀರಿ. ಹುಲ್ಲಿನ ಚಾವಣಿ, ಜೇನಿನ ಬಣ್ಣದ ಕಲ್ಲು, ಬಾಗಿಲ ಮೇಲೆ ಹಬ್ಬಿದ ಗುಲಾಬಿ. ಆ ಮನೆ ಆಲಿವ್ ಟಫ್ಲಿಯದು. ನನ್ನ ಮನೆ ಯಾವ ಡಬ್ಬಿಯ ಮೇಲೂ ಇಲ್ಲ. ನಾನಿರುವುದು ಚರ್ಚಿನ ಹಿಂದೆ, ಸರ್ಕಾರ ಕಟ್ಟಿಸಿದ ಸಿಮೆಂಟಿನ ಮನೆಗಳ ಸಾಲಿನಲ್ಲಿ. ಪ್ರವಾಸಿಗರು ಚರ್ಚಿನ ತನಕ ಬರುತ್ತಾರೆ. ನಮ್ಮ ಸಾಲು ಕಂಡ ಕೂಡಲೇ ದಾರಿ ತಪ್ಪಿತು ಅಂದುಕೊಂಡು ತಿರುಗಿ ಹೋಗುತ್ತಾರೆ.

ನನ್ನ ಹೆಸರು ವಿಲ್ಫ್. ಮನೆಮನೆಗೆ ಸೌದೆ ಹಾಕುತ್ತೇನೆ, ಹೊಗೆಗೂಡು ಗುಡಿಸುತ್ತೇನೆ. ಹೆಚ್ಚು ಓದಿದವನಲ್ಲ. ಓದಿದಷ್ಟನ್ನು ಊರ ಶಾಲೆಯಲ್ಲಿ ಆಲಿವ್ ಪಕ್ಕದಲ್ಲಿ ಕೂತು ಓದಿದೆ. ಆ ಶಾಲೆ ಈಗ ಲಂಡನ್ನಿನ ಒಬ್ಬ ಹಲ್ಲಿನ ಡಾಕ್ಟರ ಶನಿವಾರ ಭಾನುವಾರದ ಮನೆ. ನಾವು ಮಗ್ಗಿ ಹೇಳಿದ ಜಾಗದಲ್ಲಿ ಅವರು ಬಿಸಿನೀರಿನ ತೊಟ್ಟಿ ಇಟ್ಟಿದ್ದಾರೆ. ನಮ್ಮೂರಲ್ಲಿ ಹಳೆ ಬೇಕರಿ ಅನ್ನುವ ಮನೆ ಇದೆ, ಹಳೆ ಅಂಚೆಕಚೇರಿ ಅನ್ನುವ ಮನೆ ಇದೆ, ಹಳೆ ಕಮ್ಮಾರಸಾಲೆ ಅನ್ನುವ ಮನೆಯೂ ಇದೆ. ಬಾಗಿಲಿಗೆಲ್ಲ ಚಂದದ ಫಲಕ. ಒಂದು ಬ್ರೆಡ್ಡು ಬೇಕಾದರೆ, ಒಂದು ಸ್ಟಾಂಪು ಬೇಕಾದರೆ ಮಾತ್ರ ಬಸ್ಸು ಹತ್ತಿ ಹ್ಯಾಲ್‌ಬರಿ ಪೇಟೆಗೆ ಹೋಗಬೇಕು.

ಆಲಿವ್ ಮದುವೆಯಾಗಲಿಲ್ಲ. ಹ್ಯಾಲ್‌ಬರಿಯ ಶಾಲೆಯ ಅಡುಗೆಮನೆಯಲ್ಲಿ ಜೀವಮಾನವೆಲ್ಲ ಆಲೂಗಡ್ಡೆ ಸುಲಿದಳು. ದೊಡ್ಡಮನೆಯವರಿಗೆ ಬಾಡಿಗೆ ಕೊಟ್ಟುಕೊಂಡು ತಾಯಿ ಇದ್ದ ಮನೆಯಲ್ಲೇ ಇದ್ದಳು. ದೊಡ್ಡಮನೆ ಅಂದರೆ ಗುಡ್ಡದ ಮೇಲಿನ ಬಂಗಲೆ. ಊರಿನ ಅರ್ಧ ಮನೆಗಳು ಇವತ್ತಿಗೂ ಅವರವೇ. ಆಲಿವ್‌ಳ ತಾಯಿ ಅಲ್ಲಿ ಪಾತ್ರೆ ತೊಳೆಯುತ್ತಿದ್ದವಳು. ಮಗಳಿಗೆ ಬಿಟ್ಟುಹೋದದ್ದು ಒಂದೇ ಆಸ್ತಿ: ಚೆನ್ನಾಗಿ ಮಾತಾಡುವವರ ಎದುರು ಬಾಯಿ ಮುಚ್ಚಿಕೊಂಡಿರುವ ಅಭ್ಯಾಸ. ನಮ್ಮ ಜೊತೆ ಆಲಿವ್ ಬಾಯಿ ಬಿಟ್ಟರೆ ಹೆಂಡದಂಗಡಿಯ ಗಂಡಸರು ಲೋಟ ಕೆಳಗಿಟ್ಟು ಕೇಳಬೇಕು. ಅದೇ ಆಲಿವ್ ದೊಡ್ಡವರ ಮುಂದೆ, "ಪರವಾಗಿಲ್ಲ ಮೇಡಂ. ಯಾರಿಗೂ ತೊಂದರೆ ಬೇಡ ಮೇಡಂ." ಅಷ್ಟೇ.

ಆ ಮನೆಯ ಹೊರಗಿನದು ನಿಮಗೆ ಗೊತ್ತು. ಒಳಗಿನದು ನನಗೆ ಗೊತ್ತು. ಗೋಡೆಗೆ ಕೈ ಇಟ್ಟರೆ ಕೈ ಒದ್ದೆ. ಬಟ್ಟೆ ಬೀರುವಿನಲ್ಲಿ ಅಣಬೆ ಏಳುತ್ತದೆ. ಚಳಿಗಾಲದಲ್ಲಿ ಆಲಿವ್ ಕೋಟು, ಟೋಪಿ ಹಾಕಿಕೊಂಡೇ ಮಲಗುತ್ತಾಳೆ. ಕಿಟಕಿಗೆ ಎರಡು ಪದರದ ಗಾಜು ಹಾಕಿಸೋಣ ಅಂದರೆ, ಅದು ಹಳೆಯ ಕಾಲದ ಕಿಟಕಿ, ಮುಟ್ಟಬಾರದು ಅನ್ನುತ್ತಾರೆ. ಗಾಳಿಗೆ ಮಾತ್ರ ಒಳಗೆ ಬರಲು ಯಾರ ಅಪ್ಪಣೆಯೂ ಬೇಕಿಲ್ಲ.

ಪ್ರವಾಸಿಗರೂ ಅಪ್ಪಣೆ ಕೇಳುವುದಿಲ್ಲ. ಬೇಸಿಗೆ ಬಂತೆಂದರೆ ಆ ಕಿಟಕಿಯ ಗಾಜಿನ ತುಂಬ ಮೂಗಿನ ಗುರುತು. ಒಂದು ಸಲ ಆಲಿವ್ ಅಡುಗೆಮನೆಯಲ್ಲಿ ಕೂತು ಬ್ರೆಡ್ಡಿನ ಮೇಲೆ ಬೀನ್ಸ್ ಹಾಕಿಕೊಂಡು ತಿನ್ನುತ್ತಿದ್ದಳು. ಗಂಡ ಹೆಂಡತಿ ಇಬ್ಬರು ಬಾಗಿಲು ತಳ್ಳಿಕೊಂಡು ಸೀದಾ ಒಳಗೆ ಬಂದರು. ಆಲಿವ್ ಗಾಬರಿಯಲ್ಲಿ ಚಮಚ ಹಿಡಿದುಕೊಂಡು ಹಾಗೇ ಕೂತಳು.

ಹೆಂಗಸು ಹೇಳಿದಳಂತೆ, "ರೀ, ನೋಡ್ರಿ ಇಲ್ಲಿ. ಎಷ್ಟು ನಿಜದ ಥರ ಮಾಡಿದಾರೆ. ಕೈ ಮೇಲಿನ ನರ ಸಮೇತ."

ಗಂಡ ಬಗ್ಗಿ ನೋಡಿದನಂತೆ. "ಮೇಣದ್ದು ಕಣೆ. ಆದ್ರೆ ಬೀನ್ಸ್ ನಿಜವಾದ್ದು."

ಆಗ ಆಲಿವ್‌ಗೆ ಕೆಮ್ಮು ಬಂತು. ಹೆಂಗಸು ಕಿರುಚಿದ್ದು ನನಗೆ ಚರ್ಚಿನ ಹಿಂದೆ ಕೇಳಿಸಿತು. ನಾನು ಓಡಿ ಬಂದು ನೋಡಿದರೆ ಆಲಿವ್ ಅವರನ್ನು ಕೂರಿಸಿ ಟೀ ಕೊಡುತ್ತಿದ್ದಾಳೆ! ಹೆದರಿಸಿದ್ದಕ್ಕೆ ಕ್ಷಮಿಸಿ ಅನ್ನುತ್ತಿದ್ದಾಳೆ! ನಮ್ಮವರು ಹೀಗೇ. ಅವರ ಕಾಲು ನೀವು ತುಳಿದರೂ ಅವರೇ ಕ್ಷಮೆ ಕೇಳುತ್ತಾರೆ.

ಆ ವರ್ಷ ವಸಂತದಲ್ಲಿ ದೊಡ್ಡಮನೆಯ ಮ್ಯಾನೇಜರು ಆಲಿವ್‌ಳ ಬಾಗಿಲಿಗೆ ಬಂದ. ಮನೆ ಖಾಲಿ ಮಾಡಬೇಕು, ರಿಪೇರಿ ಮಾಡಿಸಿ ರಜೆಗೆ ಬರುವವರಿಗೆ ಕೊಡುತ್ತೇವೆ ಅಂದ. ಮನೆ ಬಿಡಿಸಿದರು ಅಂದಮೇಲೆ ಹ್ಯಾಲ್‌ಬರಿಯ ಪುರಸಭೆಯವರು ಅವಳಿಗೆ ಬೇರೆ ಕಡೆ ಜಾಗ ಕೊಡಬೇಕು. ಕೊಟ್ಟರು. ಬಸ್ ನಿಲ್ದಾಣದ ಎದುರು ಹೊಸ ಕಟ್ಟಡ, ಮೊದಲನೆಯ ಮಹಡಿ. ಆಲಿವ್ ಹೋಗಿ ನೋಡಿಬಂದಳು. ಸಂಜೆ ಹೆಂಡದಂಗಡಿಯಲ್ಲಿ ನನ್ನ ಎದುರು ಬಂದು ಕೂತಳು. ಮುಖ ಕೆಂಪಗಾಗಿತ್ತು.

"ಲೋ ವಿಲ್ಫ್, ಗೋಡೆ ಮುಟ್ಟಿ ನೋಡ್ದೆ ಕಣೋ."

"ಸರಿ?"

"ಒಣಗಿತ್ತು."

"ಗೋಡೆ ಇನ್ನೇನಿರುತ್ತೆ?"

"ನಿಂಗೇನೋ ಗೊತ್ತು, ಸಿಮೆಂಟಲ್ಲಿ ಬೆಳೆದೋನಿಗೆ. ಕಿಟಕಿ ಕೆಳಗೆ ಬಿಸಿ ಬರೋ ರೇಡಿಯೇಟರ್ ಇದೆ. ಒಂದು ಗುಂಡಿ ತಿರುಗಿಸಿದ್ರೆ ಆಯ್ತು. ಸೌದೆ ಬೇಡ, ಬೂದಿ ಬೇಡ, ನಿನ್ನ ಮುಖ ನೋಡೋದೂ ಬೇಡ. ಮನೆ ತೋರಿಸೋಕೆ ಬಂದ ಪುರಸಭೆ ಹುಡುಗಿ ಎದುರಿಗೇ ಅದನ್ನ ತಬ್ಬಿಕೊಂಡು ನಿಂತ್ಬಿಟ್ಟೆ. ಬಿಡಿಸ್ಕೊಂಡು ಬರೋದೇ ಕಷ್ಟ ಆಯ್ತು."

ಆಲಿವ್ ಯಾವತ್ತೂ ಯಾವುದನ್ನೂ ಬೇಕು ಅಂದದ್ದು ನಾನು ಕೇಳಿರಲಿಲ್ಲ. ಅವತ್ತು ಬೇಕು ಅಂದಳು. ಎರಡು ಸಲ ಅಂದಳು.

ಆಮೇಲೆ ಬಂದರು ಮಿಸೆಸ್ ಫೇನ್.

ಮಿಸೆಸ್ ಫೇನ್ ಹಳೆ ಬೇಕರಿಯಲ್ಲಿರುತ್ತಾರೆ. ಲಂಡನ್ನಿನಲ್ಲಿ ಸೋಪಿನ ಜಾಹೀರಾತು ಬರೆದು ಬರೆದು ದಣಿದು ನಮ್ಮೂರಿಗೆ ಬಂದವರು. ಬಂದ ಮೇಲೆ ಊರು ಕಾಪಾಡುವ ಸಂಘ ಅಂತ ಒಂದು ಕಟ್ಟಿದರು. ಯಾರಿಂದ ಕಾಪಾಡಬೇಕು ಅಂತ ಯಾರೂ ಕೇಳಲಿಲ್ಲ. ಸುದ್ದಿ ಕಿವಿಗೆ ಬಿದ್ದ ದಿನವೇ ಅವರು ಆಲಿವ್‌ಳ ಮನೆಗೆ ನುಗ್ಗಿದರು. ನಾನು ಹೊಗೆಗೂಡಿನಲ್ಲಿ ತಲೆ ಹಾಕಿದ್ದೆ. ಎಲ್ಲ ಕೇಳಿಸಿತು.

"ಆಲಿವ್, ನನ್ನ ಮುದ್ದು ಆಲಿವ್! ಏನು ಅನ್ಯಾಯ ಇದು! ನಿಮ್ಮನ್ನ ಕಳಿಸಿಬಿಡ್ತಾರಂತೆ!"

"ಪರವಾಗಿಲ್ಲ ಮೇಡಂ."

"ಅಯ್ಯೋ, ಎಷ್ಟು ಧೈರ್ಯ ನಿಮ್ಮದು! ಆ ಪೇಟೆಯ ಪೆಟ್ಟಿಗೆ ಥರದ ಮನೇಲಿ ನೀವು ಬದುಕ್ತೀರಾ?"

"ನೋಡ್ದೆ ಮೇಡಂ. ಕೆಟ್ಟದಾಗೇನಿಲ್ಲ."

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಬಹಳ ಇಷ್ಟವಾದದ್ದಕ್ಕೆ ಕೆಟ್ಟದಾಗೇನಿಲ್ಲ ಅನ್ನುತ್ತೇವೆ. ಆಲಿವ್ ಹಾಗಂದಳು ಅಂದರೆ ಮಂಡಿಯೂರಿ ಬೇಡಿಕೊಂಡ ಹಾಗೆ. ಚರ್ಚಿನ ಹಿಂದಿನ ಸಾಲಿನ ಯಾರಿಗಾದರೂ ಅದು ತಿಳಿಯುತ್ತಿತ್ತು. ಮಿಸೆಸ್ ಫೇನ್‌ಗೆ ಕಣ್ಣಲ್ಲಿ ನೀರು ಬಂತು.

"ಅಳು ನುಂಗ್ಕೊಂಡು ಮಾತಾಡ್ತಿದೀರಿ. ನನಗೆ ಕಾಣ್ಸುತ್ತೆ. ಸುಮ್ನೆ ಬಿಡಲ್ಲ ನಾವು. ಈ ಊರಿನ ಆತ್ಮ ನೀವು!"

"ನನ್ನಿಂದ ಯಾರಿಗೂ ತೊಂದರೆ ಬೇಡ ಮೇಡಂ."

"ತೊಂದರೇನಾ? ಸಂತೋಷ!"

ನಾನು ಮಸಿ ಮುಖ ಹೊರಗೆ ತೆಗೆದು ಆಲಿವ್‌ಳನ್ನು ನೋಡಿದೆ. ಹೇಳೇ, ಅಂತ ಕಣ್ಣಲ್ಲೇ ಅಂದೆ. ಆಲಿವ್ ಮಿಸೆಸ್ ಫೇನ್‌ಗೆ ಇನ್ನೊಂದು ಬಿಸ್ಕತ್ತು ಕೊಟ್ಟಳು.

ವಾರ ಕಳೆಯುವುದರೊಳಗೆ ಊರಿನ ಬೇಲಿಬೇಲಿಗೂ ಆಲಿವ್‌ಳ ಮುಖ. ಕೆಳಗೆ, "ಆಲಿವ್ ನಮ್ಮವಳು." ಹಲ್ಲಿನ ಡಾಕ್ಟರು ತಮ್ಮ ಕಾರಿಗೂ ಅಂಟಿಸಿಕೊಂಡರು. ಅವರು ಅವಳನ್ನು ಒಮ್ಮೆಯೂ ಮಾತಾಡಿಸಿದವರಲ್ಲ. ಪತ್ರಿಕೆಯವರು ಬಂದು ಆಲಿವ್‌ಳನ್ನು ಗುಲಾಬಿಯ ಕೆಳಗೆ ನಿಲ್ಲಿಸಿದರು. ನಗಬೇಡಿ, ದುಃಖವಾಗಿರಿ ಅಂದರು. ಬೇಸಿಗೆ ಹತ್ತಿರ ಬರುವ ಹೊತ್ತಿಗೆ ದೊಡ್ಡಮನೆಯವರು ಊರಿಗೆ ಮುಖ ತೋರಿಸಲಾಗದೆ, ಆಲಿವ್ ಬದುಕಿರುವ ತನಕ ಅಲ್ಲೇ ಇರಲಿ ಅಂದುಬಿಟ್ಟರು.

ಊರ ಮಧ್ಯದ ಹುಲ್ಲುಹಾಸಿನ ಮೇಲೆ ಸಂಭ್ರಮ ನಡೆಯಿತು. ಮಿಸೆಸ್ ಫೇನ್ ಸ್ವತಃ ಕೇಕು ಮಾಡಿ ತಂದಿದ್ದರು. ಮೇಲೆ ಸಕ್ಕರೆಯಲ್ಲಿ ಆಲಿವ್‌ಳ ಮನೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಲಿವ್ ಕೈಯಲ್ಲಿ ತಟ್ಟೆ ಹಿಡಿದುಕೊಂಡು, ಗಲ್ಲಿಗೆ ಹಾಕಲು ತಂದವರ ಹಾಗೆ ನಿಂತಿದ್ದಳು. ಆ ಬೆಳಿಗ್ಗೆ ಪುರಸಭೆಯ ಹುಡುಗಿ ಫೋನು ಮಾಡಿದ್ದಳು. ಈಗ ನಿಮಗೆ ಇರಲು ಮನೆ ಇದೆಯಲ್ಲ, ಆ ಜಾಗ ಬೇರೆಯವರಿಗೆ ಹೋಗುತ್ತದೆ, ಆಗಸ್ಟ್ ಮುಗಿಯುವ ತನಕ ಹೇಗೋ ಹಿಡಿದಿಡುತ್ತೇನೆ, ಅಷ್ಟರಲ್ಲಿ ದೊಡ್ಡಮನೆಯವರು ಮತ್ತೆ ಬಿಡಿ ಅಂದರೆ ಮಾತ್ರ ನಿಮ್ಮದು ಅಂದಿದ್ದಳು.

"ನೇರವಾಗಿ ಹೇಳಿಬಿಡೇ," ಅಂದೆ ನಾನು. "ನನಗೆ ಹೋಗ್ಬೇಕು ಅನ್ನು. ಎರಡೇ ಮಾತು."

"ಹೆಂಗೋ ಹೇಳ್ಲಿ? ಕೇಕು ಮಾಡಿಬಿಟ್ಟಿದಾರೆ."

"ಕೇಕಿಗೋಸ್ಕರ ಸಾಯ್ತೀಯಾ?"

"ನೀನು ಹೇಳು ಹೋಗು, ಅಷ್ಟು ಧೈರ್ಯ ಇದ್ರೆ."

ನಾನು ಹೋದೆ. ಮಿಸೆಸ್ ಫೇನ್ ನನ್ನ ಕೈಗೆ ಒಂದು ತುಂಡು ಕೇಕು ಕೊಟ್ಟರು. ಬಹಳ ಚೆನ್ನಾಗಿದೆ ಮೇಡಂ ಅಂತ ಹೇಳಿ ವಾಪಸು ಬಂದೆ.

ಆಲಿವ್ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಬಾಯಲ್ಲಿ ಕೇಕು ಬೇರೆ," ಅಂದಳು. ಆಮೇಲೆ, "ವಿಲ್ಫ್, ಟ್ರ್ಯಾಕ್ಟರಿಗೆ ಹೊಡೆದ ಬಣ್ಣ ಉಳ್ದಿದ್ಯಾ?" ಅಂತ ಕೇಳಿದಳು.

ಉಳಿದಿತ್ತು. ಕಿತ್ತಳೆ ಬಣ್ಣ. ಮಂಜಿನಲ್ಲೂ ದೂರದಿಂದ ಕಾಣಲಿ ಅಂತ ತಂದದ್ದು. ಆಲಿವ್ ಅದನ್ನು ಬಾಗಿಲಿಗೆ ಎರಡು ಸಲ ಹೊಡೆದಳು. ಊರಿನ ಬಾಗಿಲುಗಳೆಲ್ಲ ಸತ್ತ ಎಲೆಯ ಬಣ್ಣ. ಬೇರೆ ಬಣ್ಣ ಹೊಡೆಯಬೇಕಾದರೆ ಸಂಘದ ಒಪ್ಪಿಗೆ ಬೇಕು. ಆಲಿವ್ ಒಪ್ಪಿಗೆ ಕೇಳಲಿಲ್ಲ. ಮನೆ ಎದುರಿನ ತೋಟದಲ್ಲಿ, ಮೀನು ಹಿಡಿಯುತ್ತಿರುವ, ಚಡ್ಡಿ ಜಾರಿಸಿಕೊಂಡಿರುವ ಗಡ್ಡದ ಕುಳ್ಳರ ಪ್ಲಾಸ್ಟಿಕ್ ಗೊಂಬೆಗಳನ್ನು ಸಾಲಾಗಿ ನಿಲ್ಲಿಸಿದಳು. ಗುಲಾಬಿಯಿಂದ ಹೆಂಡದಂಗಡಿಯ ಕಂಬದ ತನಕ ಹಗ್ಗ ಕಟ್ಟಿ ತನ್ನ ಒಳಬಟ್ಟೆಗಳನ್ನು ಒಣಹಾಕಿದಳು. ಆಲಿವ್ ಸಣ್ಣ ಹೆಂಗಸಲ್ಲ. ಗಾಳಿ ಬೀಸಿದಾಗ ಹಡಗು ಹೊರಟ ಹಾಗೆ ಕಾಣುತ್ತಿತ್ತು.

"ಈಗ ಬರ್ತಾರೆ ನೋಡು," ಅಂದಳು. "ಮನೆ ಅಂದ ಹಾಳಾಯ್ತು ಅಂತ ದೊಡ್ಡಮನೆಗೆ ಅವರೇ ಹೋಗಿ ಹೇಳ್ತಾರೆ. ನಾನು ಯಾರಿಗೂ ಇಲ್ಲ ಅನ್ನೋ ಹಂಗೇ ಇಲ್ಲ."

ಇಷ್ಟು ಸುತ್ತು ಬಳಸುವ ಬದಲು ಆ ಎರಡು ಮಾತು ಹೇಳಬಹುದಿತ್ತು ಅಂತ ನಿಮಗೆ ಅನ್ನಿಸಬಹುದು. ನೀವು ಇಲ್ಲಿಯವರಲ್ಲ.

ಮಿಸೆಸ್ ಫೇನ್ ಬಂದರು. ಹಗ್ಗದ ಕೆಳಗೆ ನಿಂತು ತಲೆ ಎತ್ತಿ ನೋಡಿದರು.

"ಎಂಥ ಧೈರ್ಯದ ಬಣ್ಣ, ಆಲಿವ್!"

"ಥ್ಯಾಂಕ್ಸ್ ಮೇಡಂ. ತೆಗೀಬೇಕಾ?"

"ತೆಗೆಯೋದಾ? ಬೇಡಪ್ಪ! ನಿನ್ನೆ ಬಂದ ಬಸ್ಸಿನವರು ಇದರ ಫೋಟೋನೇ ತೆಕ್ಕೊಂಡು ಹೋದ್ರು. ಬದುಕಿರೋ ಊರು ಅಂದ್ರೆ ಇದು ಅಂದ್ರು. ಒಂದೇ ಒಂದು ಸಣ್ಣ ವಿಷಯ..." ಅವರು ಒಂದು ಚಡ್ಡಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದರು. "ನೈಲಾನ್ ಬದಲು ಹತ್ತಿದು ಹಾಕಕ್ಕಾಗುತ್ತಾ? ಬಿಳೀದು? ಹಳೇ ಕಾಲದ್ದು ನನ್ನ ಹತ್ರ ಇದೆ, ಕೊಡ್ತೀನಿ."

ಮಾರನೆಯ ದಿನ ಒಂದು ಬುಟ್ಟಿ ತುಂಬ ಲೇಸು ಹಾಕಿದ ಬಿಳಿ ಲಂಗಗಳು ಬಂದವು. ಆಲಿವ್ ಅವನ್ನು ಹಿಡಿದು ನೋಡಿದಳು. "ನಮ್ಮಮ್ಮ ದೊಡ್ಡಮನೇಲಿ ಇಂಥವನ್ನೇ ಒಗೀತಿದ್ಲು ಕಣೋ," ಅಂದಳು. "ಈಗ ನಾನು ತೋರಿಸೋದಕ್ಕೆ ಒಗೀಬೇಕಂತೆ." ಅಂದು ಮೊದಲ ಸಲ ಅವಳ ದನಿಯಲ್ಲಿ ನಗು ಇರಲಿಲ್ಲ. ಆಗಸ್ಟ್ ಶುರುವಾಗಿತ್ತು.

ಮರುದಿನ ಆಲಿವ್ ಬಾಗಿಲ ಎದುರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಳು. ಬಸ್ಸು ಬಂತು. ಜನ ಇಳಿದರು. ಟೋಪಿ ಹಾಕಿದ ಒಬ್ಬ ದಪ್ಪ ಮನುಷ್ಯ ಕೇಳಿದ, "ಅಜ್ಜಿ, ನೀವು ಇಲ್ಲಿಯೋರಾ? ನಿಜವಾಗ್ಲೂ?"

"ಹೂಂ ಕಣಪ್ಪ. ನಾನೊಬ್ಳೇ ಉಳ್ದಿರೋದು. ಬಾ, ಊರು ತೋರಿಸ್ತೀನಿ."

ನಾನು ಬೇಲಿಯ ಪಕ್ಕ ಸೌದೆ ಇಳಿಸುತ್ತಿದ್ದೆ. ಕೈ ನಿಂತಿತು. ಪೇಟೆಯವರು, ಯಾರೋ ಏನೋ, ನಾಳೆ ಕಾಣುವವರಲ್ಲ. ಅವರ ಮುಂದೆ ಆಲಿವ್‌ಗೆ ಬಾಯಿ ಬಂದುಬಿಟ್ಟಿತ್ತು.

"ಆ ಕಮ್ಮಾರಸಾಲೆ ನೋಡಿ. ಕಮ್ಮಾರ ಅಲ್ಲಿ ಯಾವತ್ತೂ ಇರ್ಲಿಲ್ಲ. ಬಸ್ಸು ನಿಲ್ಲಿಸ್ತಿದ್ರು. ಆ ಶಾಲೇಲಿ ಇರೋರು ಶನಿವಾರ ಬರ್ತಾರೆ, ಭಾನುವಾರ ಹೋಗ್ತಾರೆ. ಮಿಕ್ಕ ದಿನ ದೀಪ ತಾನಾಗೇ ಹತ್ಕೊಳ್ಳುತ್ತೆ, ಕಳ್ಳರಿಗೆ ಮೋಸ ಮಾಡೋಕೆ. ಕಳ್ಳರಿಗೆ ಗೊತ್ತು ಬಿಡಿ. ಅಲ್ಲಿ ಹುಲ್ಲಿನ ಮೇಲೆ ಮರದ ಹಲಗೆ ಇದ್ಯಲ್ಲ, ಕಳ್ಳರ ಕತ್ತು ಕೈ ಸಿಕ್ಕಿಸೋದು, ಫೋಟೋ ತೆಗೀತಿದೀರಲ್ಲ? ಅದನ್ನ ಮಾಡಿದೋನು ಇಲ್ಲೇ ಇದಾನೆ. ಲೋ ವಿಲ್ಫ್, ಕೈ ಎತ್ತೋ."

ನಾನು ಕೈ ಎತ್ತಿದೆ. ಅದು ಹಂದಿಕೊಟ್ಟಿಗೆಯ ಬಾಗಿಲಾಗಿತ್ತು. ಹಳೆಯದು ಕಾಣಲಿ ಅಂತ ಸರಪಳಿಯಲ್ಲಿ ಹೊಡಿ ಅಂದಿದ್ದರು ಮಿಸೆಸ್ ಫೇನ್. ಹೊಡೆದಿದ್ದೆ.

"ಮತ್ತೆ ಆ ಬಾವಿ?" ಅಂದಳು ಒಬ್ಬ ಹುಡುಗಿ. "ನಾಣ್ಯ ಹಾಕಿ ಏನಾದ್ರೂ ಬೇಡ್ಕೊಂಡ್ರೆ ಆಗುತ್ತಂತಲ್ಲ?"

"ಬೇಡ್ಕೊಂಡ್ಯಾ?"

"ಹೂಂ. ಮದುವೆ ಬಗ್ಗೆ."

"ಅಯ್ಯೋ ಕೂಸೇ. ಅದು ಬಾವಿ ಅಲ್ಲ. ನಾಲ್ಕು ಮನೆ ಕಕ್ಕಸಿನ ಗುಂಡಿ. ಮುಚ್ಚಳ ಅಸಹ್ಯ ಕಾಣುತ್ತೆ ಅಂತ ಮೇಲೆ ಕಲ್ಲು ಕಟ್ಟಿ, ಬಕೀಟು ನೇತಾಕಿದಾರೆ."

ಬಸ್ಸಿನವರು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ಆ ಹುಡುಗಿ ಮಾತ್ರ ನಗಲಿಲ್ಲ.

ಆಲಿವ್ ಇದನ್ನು ದಿನಾ ಮಾಡಿದಳು. ಮಳೆ ಬಂದರೆ ಕೊಡೆ ಹಿಡಿದು ಮಾಡಿದಳು. ಹಾಗೆ ಮಳೆ ಹನಿಯುತ್ತಿದ್ದ ಒಂದು ದಿನ ಗಂಡ ಹೆಂಡತಿ ಇಬ್ಬರು ಬಂದರು. ಒಂದೇ ಬಣ್ಣದ ಮಳೆಕೋಟು, ಒಂದೇ ಥರದ ಬೂಟು. ಅವರು ಬಹಳ ಹೊತ್ತು ಕೇಳಿದರು. ಒಳ್ಳೆಯ ಪ್ರಶ್ನೆ ಕೇಳಿದರು. ಮನೆಯ ಒಳಗೂ ನೋಡಬಹುದಾ ಅಂದರು. ಆಲಿವ್ ಕರೆದುಕೊಂಡು ಹೋಗಿ ಬೀರುವಿನ ಅಣಬೆ ತೋರಿಸಿದಳು. ಗೋಡೆ ಮುಟ್ಟಿಸಿದಳು. ಹೆಂಗಸು ಕೈ ಒರೆಸಿಕೊಂಡು, "ಅಲ್ಲಮ್ಮ, ಇಷ್ಟೊಂದು ಜನ ನಿಮ್ಮನ್ನ ಇಲ್ಲೇ ಉಳಿಸ್ಕೋಬೇಕು ಅಂತ ಹೋರಾಡಿದ್ರಂತಲ್ಲ?" ಅಂದಳು.

"ಹೌದಮ್ಮ. ಒಳಗೆ ಬಂದು ಕೂರೋಕೆ ಮಾತ್ರ ಯಾರಿಗೂ ಪುರಸೊತ್ತಿರ್ಲಿಲ್ಲ."

ಅವರು ಯಾರು ಅಂತ ನಮಗೆ ಆಮೇಲೆ ಗೊತ್ತಾಯಿತು. ನಮ್ಮ ಜಿಲ್ಲೆಯಲ್ಲಿ ಪ್ರತಿ ಬೇಸಿಗೆ, ಯಾವ ಹಳ್ಳಿ ಎಲ್ಲಕ್ಕಿಂತ ಚೊಕ್ಕ ಅಂತ ಪಂದ್ಯ ಇರುತ್ತದೆ. ತೀರ್ಪು ಕೊಡುವವರು ಹೇಳದೆ ಕೇಳದೆ ಬಂದು ಹೋಗುತ್ತಾರೆ. ಅದಕ್ಕೇ ಜೂನ್ ತಿಂಗಳಿಂದ ನಮ್ಮೂರಲ್ಲಿ ಒಂದು ಎಲೆ ಬಿದ್ದರೂ ಯಾರೋ ಓಡಿಬಂದು ಎತ್ತುತ್ತಾರೆ. ಮಿಸೆಸ್ ಫೇನ್ ಆ ವರ್ಷ ಗೆದ್ದೇ ಗೆಲ್ಲುತ್ತೇವೆ ಅಂತ ಗೆದ್ದ ಫಲಕ ನೆಡುವ ಜಾಗ ಕೂಡ ಅಗೆಸಿದ್ದರು. ಅಗೆದವನು ನಾನೇ.

ಫಲಕ ಬರಲಿಲ್ಲ. ಗುಡ್ಡದ ಆಚೆಯ ಊರಿಗೆ ಹೋಯಿತು. ನಮಗೆ ಬಂದದ್ದು ಒಂದು ಮಾತು. ಊರು ನೋಡಲು ಚೆನ್ನಾಗಿದೆ, ಆದರೆ ಬಾವಿಯ ವಿಚಾರ ಆರೋಗ್ಯ ಇಲಾಖೆಗೆ ತಿಳಿಸುತ್ತಿದ್ದೇವೆ.

ಸಂಘದವರು ಮೂವರು ಆಲಿವ್‌ಳ ಮನೆಗೆ ಬಂದರು. ಮಿಸೆಸ್ ಫೇನ್, ಹಲ್ಲಿನ ಡಾಕ್ಟರು, ಒಬ್ಬ ನಿವೃತ್ತ ಕರ್ನಲ್. ನಾನು ಮೂಲೆಯಲ್ಲಿ ಸೌದೆ ಜೋಡಿಸುತ್ತಿದ್ದೆ. ಯಾರೂ ಬೈಯಲಿಲ್ಲ. ನಮ್ಮಲ್ಲಿ ಕೋಪ ಬಂದಷ್ಟೂ ಮಾತು ಮೆತ್ತಗಾಗುತ್ತದೆ. ಅಂದು ಅವರ ಮಾತು ಬೆಣ್ಣೆ.

"ಆಲಿವ್, ನಿಮ್ಮ ಆರೋಗ್ಯದ್ದೇ ನಮಗೆ ಚಿಂತೆ," ಅಂದರು ಮಿಸೆಸ್ ಫೇನ್. ಗೋಡೆಯನ್ನು ಮೊದಲ ಸಲ ನೋಡಿದವರ ಹಾಗೆ ನೋಡಿದರು. "ಎಷ್ಟು ಶೀತ ಇಲ್ಲಿ! ಯಾಕೆ ಹೇಳ್ಲಿಲ್ಲ ನೀವು?"

"ತೊಂದರೆ ಕೊಡೋದು ಯಾಕೆ ಅಂತ ಮೇಡಂ."

ಡಾಕ್ಟರು ಕೆಮ್ಮಿದರು. "ಈ ವಯಸ್ಸಲ್ಲಿ ಬೆಚ್ಚಗಿರೋ ಕಡೆ, ಪೇಟೆ ಹತ್ರ ಇರೋದು ಒಳ್ಳೇದಲ್ವಾ?"

"ಈ ಊರು ಬಿಟ್ಟಾ ಸಾರ್?" ಅಂದಳು ಆಲಿವ್. ಸೆರಗಿಲ್ಲ ನಮ್ಮಲ್ಲಿ, ಇದ್ದಿದ್ದರೆ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. "ನೀವೆಲ್ಲ ಅಷ್ಟು ಹೋರಾಡಿದ್ರಿ. ಕೇಕು ಬೇರೆ ಮಾಡಿದ್ರಿ."

"ಕೇಕಿನ ಯೋಚನೆ ಬಿಡಿ," ಅಂದರು ಮಿಸೆಸ್ ಫೇನ್, ಸ್ವಲ್ಪ ಬೇಗನೇ. "ದೊಡ್ಡಮನೆಯವರ ಹತ್ರ ನಾನೇ ಮಾತಾಡ್ತೀನಿ. ಇವತ್ತೇ."

"ನಿಮಗೆಲ್ಲ ಅದೇ ಒಳ್ಳೇದು ಅನ್ಸಿದ್ರೆ... ನಾನು ಯಾವತ್ತಾದ್ರೂ ಇಲ್ಲ ಅಂದಿದೀನಾ ಮೇಡಂ?"

ಅವರು ಹೋದ ಮೇಲೆ ಆಲಿವ್ ಬಾಗಿಲು ಹಾಕಿ ಬೆನ್ನು ಕೊಟ್ಟು ನಿಂತಳು. ಬಾಯಿಗೆ ಕೈ ಒತ್ತಿಕೊಂಡಿದ್ದಳು. ಭುಜ ಕುಣಿಯುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡೆ ಒಂದು ಗಳಿಗೆ.

ತಿಂಗಳು ಮುಗಿಯುವುದರೊಳಗೆ ದೊಡ್ಡಮನೆಯ ಮ್ಯಾನೇಜರು ಮತ್ತೆ ಬಂದು ಮನೆ ಬಿಡಿ ಅಂದ. ಪುರಸಭೆಯ ಹುಡುಗಿ ಬೀಗದ ಕೈ ಕೊಟ್ಟಳು. ಸಾಮಾನು ನನ್ನ ಸೌದೆ ಗಾಡಿಯಲ್ಲೇ ಹಿಡಿಸಿತು. ಹೊರಡುವಾಗ ಸಂಘದವರೆಲ್ಲ ನಿಂತು ಕೈ ಬೀಸಿದರು. ಮಿಸೆಸ್ ಫೇನ್ ನಿಜವಾಗಿಯೂ ಅತ್ತರು. ಚೌಕಟ್ಟು ಹಾಕಿದ ಒಂದು ಚಿತ್ರ ಕೊಟ್ಟರು. ಆ ಮನೆಯದೇ ಚಿತ್ರ, ಅವರೇ ಬರೆದದ್ದು.

ಹೊಸ ಮನೆಯಲ್ಲಿ ಆಲಿವ್ ಮೊದಲು ಗುಂಡಿ ತಿರುಗಿಸಿದಳು. ಕೋಟು ತೆಗೆದಳು. ಆಮೇಲೆ ಸ್ವೆಟರು ತೆಗೆದಳು. ತೋಳಿಲ್ಲದ ಅಂಗಿಯಲ್ಲಿ ಆಲಿವ್‌ಳನ್ನು ನಾನು ಶಾಲೆಯ ದಿನಗಳ ನಂತರ ನೋಡಿದ್ದು ಆಗಲೇ. ಕೂತು ಕಾಗದ ಬಿಚ್ಚಿ ಚಿತ್ರ ನೋಡಿದಳು. ಹುಲ್ಲಿನ ಚಾವಣಿ, ಗುಲಾಬಿ, ಸತ್ತ ಎಲೆಯ ಬಣ್ಣದ ಬಾಗಿಲು.

"ಇದ್ರಲ್ಲಿ ನಾನೆಲ್ಲೋ?"

"ಒಳಗಿರ್ಬೇಕು ಕಣೆ. ಹೊಗೆ ಬರ್ತಿದೆ ನೋಡು."

"ಹಂಗಾದ್ರೆ ನಡುಗ್ತಾ ಇದೀನಿ," ಅಂದಳು.

ಎದ್ದಳು. ಚಿತ್ರವನ್ನು ಗೋಡೆಗೆ ನೇತುಹಾಕಲಿಲ್ಲ. ರೇಡಿಯೇಟರಿನ ಮೇಲೆ ಒರಗಿಸಿ ಇಟ್ಟಳು.

"ಸ್ವಲ್ಪ ಒಣಗ್ಲಿ, ಪಾಪ."